ಪದ್ದುವಿನ ಕೈ

"ತೋರುಬೆರಳು ಒಂದೇ ಎತ್ತಿ ಅಮ್ಮ. ಸ್ವಲ್ಪ ಅಲ್ಲಾಡಿದ್ರೂ ಸಾಕು," ಎಂದಳು ಗೌತಮಿ.

"ಯಾರ ಬೆರಳು?" ಎಂದರು ಚೂಡಾಮಣಿ.

ವಯಸ್ಸಾದವರು ತಮಾಷೆ ಮಾಡಿದರೆ ನಗಬೇಕು, ನಗದಿದ್ದರೆ ಅವರು ವ್ಯಾಯಾಮ ಮಾಡುವುದಿಲ್ಲ ಎನ್ನುವುದು ಫಿಸಿಯೋಥೆರಪಿ ಓದುವವರಿಗೆ ಪುಸ್ತಕಕ್ಕಿಂತ ಮೊದಲು ಬರುವ ವಿದ್ಯೆ. ಗೌತಮಿ ನಕ್ಕಳು. "ನಿಮ್ಮದೇ ಅಮ್ಮ. ಇಗೋ, ಈ ಎಡಗೈದು."

"ಇದು ನನ್ನದಲ್ಲ ಕಣಮ್ಮ. ನನ್ನದು ಇಲ್ಲಿದೆ ನೋಡು." ದಪ್ಪ ಕೈಗವಸು ತೊಡಿಸಿದ್ದ ಬಲಗೈಯನ್ನು ಅವರು ಎತ್ತಿ ತೋರಿಸಿದರು. ಆಮೇಲೆ ಊಟದ ಮೇಜಿನ ಮೇಲೆ ಅಂಗಾತ ಬಿದ್ದಿದ್ದ ಎಡಗೈಯ ಕಡೆ ಗಲ್ಲ ತಿರುಗಿಸಿ, "ಅದು ನಮ್ಮ ಪದ್ದೂದು. ಬಂದು ಇಲ್ಲಿ ಮಲ್ಕೊಂಡುಬಿಟ್ಟಿದೆ," ಎಂದರು. ಪಕ್ಕದ ಮನೆಯ ಬೆಕ್ಕು ನಮ್ಮ ಜಗಲಿಯಲ್ಲಿ ಮಲಗಿದೆ ಎನ್ನುವಷ್ಟು ಸಲೀಸಾಗಿ ಹೇಳಿದರು.

ಗೌತಮಿಯ ನಗು ಅರ್ಧಕ್ಕೇ ನಿಂತಿತು. ಆಗ ಅವಳ ಕಣ್ಣಿಗೆ ಬಿತ್ತು: ಎಡಗೈಯ ಬಳೆಗಳನ್ನೂ ತೆಗೆಸಿ ಚೂಡಾಮಣಿ ಬಲಗೈಗೇ ಹಾಕಿಸಿಕೊಂಡಿದ್ದರು. ಬೇರೆಯವರ ಕೈಗೆ ತಮ್ಮ ಬಳೆ ಯಾಕೆ?

ಪಾರ್ಶ್ವವಾಯು ಮಿದುಳಿನ ಬಲಭಾಗಕ್ಕೆ ಬಡಿದವರಲ್ಲಿ ಕೆಲವರು ಹೀಗೆ ತಮ್ಮ ಎಡಗೈಯನ್ನೇ ತಮ್ಮದಲ್ಲ ಎನ್ನುವುದುಂಟು. ಪುಸ್ತಕದಲ್ಲಿ ಅದಕ್ಕೊಂದು ಮಾರುದ್ದದ ಹೆಸರಿದೆ. ಗೌತಮಿ ಅದನ್ನು ಪರೀಕ್ಷೆಗೆಂದು ಉರುಹೊಡೆದು, ಪರೀಕ್ಷೆ ಮುಗಿದ ಮೇಲೆ ಎಲ್ಲರಂತೆ ಮರೆತಿದ್ದಳು. ಮರೆಯಲಾಗದ್ದು ಇನ್ನೊಂದಿತ್ತು. ಇಂಥವರನ್ನು ತನ್ನ ಅಧ್ಯಯನಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದು ಥೀಸಿಸ್ಸಿನ ನಿಯಮಗಳಲ್ಲಿ ಟೈಪು ಮಾಡಿದ್ದವಳು ಅವಳೇ.

ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ ಎಂಪಿಟಿಯ ಕೊನೆಯ ವರ್ಷದ ಅವಳ ಥೀಸಿಸ್ ಇದ್ದದ್ದು ಕೈ ಕಟ್ಟುವ ಚಿಕಿತ್ಸೆಯ ಮೇಲೆ. ಲಕ್ವ ಹೊಡೆದ ಕೈ ಮತ್ತೆ ಕೆಲಸ ಕಲಿಯಬೇಕಾದರೆ ಗಟ್ಟಿಯಾಗಿರುವ ಕೈಯನ್ನು ದಿನಕ್ಕೆ ಕೆಲವು ಗಂಟೆ ಕಟ್ಟಿಹಾಕಬೇಕು. ದುಡಿಯುವ ಮಗ ಮನೆಯಲ್ಲಿರುವ ತನಕ ಸೋಮಾರಿ ಮಗ ಹಾಸಿಗೆ ಬಿಟ್ಟೇಳುವುದಿಲ್ಲ ಎನ್ನುವುದು ಅದರ ತತ್ವ. ತತ್ವವೇನೋ ಚೆನ್ನಾಗಿದೆ, ಆದರೆ ರೋಗಿಗಳು ನಿಲ್ಲಬೇಕಲ್ಲ. ಒಬ್ಬರು ಎಣ್ಣೆ ನೀವಿಸಿಕೊಳ್ಳಲು ಕೇರಳದ ಕಡೆ ಹೋದರು. ಇನ್ನೊಬ್ಬರು, "ಇರೋದೊಂದು ಕೈ, ಅದನ್ನೂ ಕಟ್ಟಿ ಕೂರಿಸ್ತೀಯಲ್ಲಮ್ಮ, ನಿಂಗೆ ಕರುಣೆ ಇಲ್ವಾ?" ಎಂದು ಕೈಗವಸು ಕಿತ್ತೆಸೆದರು. ಹುಚ್ಚು ಬಿಡುವ ತನಕ ಮದುವೆ ಆಗೋಲ್ಲ, ಮದುವೆ ಆಗುವ ತನಕ ಹುಚ್ಚು ಬಿಡೋಲ್ಲ ಎನ್ನುವ ಹಾಗೆ, ರೋಗಿ ಸಿಗುವ ತನಕ ಡಿಗ್ರಿ ಇಲ್ಲ, ಡಿಗ್ರಿ ಇಲ್ಲದವಳ ಹತ್ತಿರ ರೋಗಿ ಬರುವುದಿಲ್ಲ. ಅವಳ ಗೈಡ್ ವಿಜಯ್‌ಕುಮಾರ್ ಸರ್ ಖಡಾಖಂಡಿತವಾಗಿ ಹೇಳಿದ್ದರು: "ಇನ್ನೊಬ್ಬ ಪೇಷೆಂಟ್ ಮುಗಿಸಿದ್ರೆ ಸಬ್ಮಿಟ್ ಮಾಡ್ತೀಯ. ಇಲ್ಲಾಂದ್ರೆ ಮುಂದಿನ ಬ್ಯಾಚಿನ ಜೊತೆ ನೋಡೋಣಮ್ಮ."

ಆ ಇನ್ನೊಬ್ಬ ಪೇಷೆಂಟೇ ರಾಮಕೃಷ್ಣನಗರದ ಚೂಡಾಮಣಿ. ಆಸ್ಪತ್ರೆಯಲ್ಲಿ ನೋಡಿದ ದಿನ ಎಡಗೈಯ ಬೆರಳು ಕೊಂಚ ಅಲ್ಲಾಡಿತ್ತು, ಮಾತು ಸ್ವಚ್ಛವಾಗಿತ್ತು, ಕಾಲು ಸ್ವಲ್ಪ ಎಳೆಯುತ್ತಿದ್ದರೂ ನಡೆಯುತ್ತಿದ್ದರು. ಮಗಳು ಗಾರ್ಗಿ ಕಾಲೇಜಿನಲ್ಲಿ ಪಾಠ ಮಾಡುವವಳು, ಒಪ್ಪಿಗೆಗೆ ಸಹಿ ಹಾಕಿದ್ದಳು. ಹಗಲು ಹೊತ್ತಿನಲ್ಲಿ ಮನೆಯಲ್ಲಿರುತ್ತಿದ್ದವರು ಚೂಡಾಮಣಿ ಮತ್ತು ಅವರ ಗಂಡ ರಾಮಸ್ವಾಮಿ. ಈಗ ಈ ಪದ್ದುವಿನ ವಿಷಯ ಗೈಡಿಗೆ ಹೇಳಿದರೆ ಚೂಡಾಮಣಿಯ ಹೆಸರು ಹೊಡೆದುಹಾಕುತ್ತಾರೆ, ಗೌತಮಿ ಒಂದು ವರ್ಷ ಹಿಂದೆ ಬೀಳುತ್ತಾಳೆ. ಬನ್ನಿಮಂಟಪದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಅಪ್ಪ ಬೆಟ್ಟಯ್ಯ ಆಗಲೇ ಡಿಪೋದ ತುಂಬ 'ನನ್ ಮಗ್ಳು ಡಾಕ್ಟ್ರು' ಎಂದು ಸಾರಿಕೊಂಡು ಬಂದಾಗಿತ್ತು. ಫಿಸಿಯೋ ಬೇರೆ ಡಾಕ್ಟರ್ ಬೇರೆ ಎಂದು ತಿದ್ದಿ ತಿದ್ದಿ ಅವಳಿಗೇ ಸಾಕಾಗಿತ್ತು. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವಳೇ ಮೊದಲಿಗಳು. ಫೇಲಾಗಿಯಲ್ಲ, ರೋಗಿ ಸಿಗದೆ ಹಿಂದೆ ಬಿದ್ದೆ ಎಂದರೆ ಆ ಮನುಷ್ಯನಿಗೆ ಅರ್ಥವಾಗುವುದಿಲ್ಲ, ಮುಖ ಸಪ್ಪಗಾಗುತ್ತದೆ, ಅಷ್ಟೇ.

ಹೇಳದಿರುವುದು ಸುಳ್ಳು ಹೇಳಿದ ಹಾಗಲ್ಲ ಎಂದುಕೊಂಡಳು. ಸುಳ್ಳು ಹೇಳುವವರೆಲ್ಲ ಮೊದಲು ಅಂದುಕೊಳ್ಳುವುದು ಇದನ್ನೇ ಎಂದು ಅವಳಿಗೆ ಆಗ ಹೊಳೆಯಲಿಲ್ಲ. "ಸರಿ ಅಮ್ಮ, ನಾಳೆ ಇದೇ ಹೊತ್ತಿಗೆ ಬರ್ತೀನಿ," ಎಂದು ಬ್ಯಾಗು ಹೆಗಲಿಗೇರಿಸಿದಳು.

ಬಿಸಿಲು ಏರುವ ದಿನಗಳು. ದಪ್ಪ ಕೈಗವಸಿನೊಳಗೆ ಕೈ ಬೆವರಿ ಚೂಡಾಮಣಿಗೆ ಗಂಧೆ ಎದ್ದಿತು. "ಇದು ಬೇಡ ಕಣಮ್ಮ," ಎಂದರು ಅವರು ಒಂದು ದಿನ. "ಒಳಗಡೆ ಹಳೇ ಹತ್ತಿ ಸೀರೆ ಇದೆ. ಒಂದು ಪಟ್ಟಿ ಹರ್ಕೊಂಡು ಬಾ. ಬಟ್ಟೇಲಿ ಕಟ್ಟು."

ಏನಾದರೇನು, ಬಲಗೈ ಕೆಲಸ ಮಾಡದಿದ್ದರೆ ಸರಿ. ಗೌತಮಿ ಪಟ್ಟಿ ಹರಿದು ತಂದು ಸುತ್ತತೊಡಗಿದಳು. ಚೂಡಾಮಣಿ ತಲೆಯಾಡಿಸಿದರು. "ಹಾಗಲ್ಲ. ಬೆರಳು ಮಡಿಸಿ ಮುಷ್ಟಿ ಮಾಡಿಸು. ಈಗ ಸುತ್ತು. ಗಂಟು ಮಣಿಕಟ್ಟಿನ ಹಿಂದಕ್ಕೆ ಬರ್ಬೇಕು. ಒಳಗಡೆ ಬಂದ್ರೆ ಹಲ್ಲಲ್ಲಿ ಕಚ್ಚಿ ಬಿಚ್ಕೊಂಡುಬಿಡ್ತಾಳೆ."

"ಯಾರು?"

"ಪದ್ದು. ಇನ್ಯಾರು?"

ಪದ್ದು ಎಂದರೆ ಪದ್ಮಾವತಿ, ಚೂಡಾಮಣಿಯ ತಂಗಿ. ಆಗ ಅವರ ಮನೆ ನಜರ್‌ಬಾದಿನಲ್ಲಿತ್ತು. ತಂದೆ ಅರಮನೆಯ ಪೂಜೆಯ ಮನೆಯಲ್ಲಿ ಕೆಲಸಕ್ಕಿದ್ದವರು. ಮಡಿ, ಮೈಲಿಗೆ, ನೇಮ ನಿಷ್ಠೆ ಎಲ್ಲ ಕಟ್ಟುನಿಟ್ಟು. ಅಂಥ ಮನೆಯಲ್ಲಿ ಹುಟ್ಟಿದ ಎರಡನೆಯ ಹುಡುಗಿ ಎಡಚಿಯಾದಳು.

"ಊಟ ಎಡಗೈಲಿ, ಹೂ ಕಟ್ಟೋದು ಎಡಗೈಲಿ. ಎಷ್ಟು ಹೊಡೆದ್ರೂ ಅಷ್ಟೇ," ಎಂದರು ಚೂಡಾಮಣಿ, ಗೌತಮಿಯ ಬೆರಳುಗಳನ್ನೇ ನೋಡುತ್ತ. "ಒಂದ್ಸಲ ನವರಾತ್ರೀಲಿ ಬೊಂಬೆ ನೋಡೋಕೆ ಬಂದ ಮುತ್ತೈದೆಯರಿಗೆ ಎಡಗೈಲೇ ಕುಂಕುಮ ಕೊಟ್ಬಿಟ್ಟಳು. ನಮ್ಮಜ್ಜಿ ಮಾರನೇ ದಿನದಿಂದ ಕೈ ಕಟ್ಟಿಸಿದರು. ಬೆಳಿಗ್ಗೆ ಕಟ್ಟೋದು, ರಾತ್ರಿ ಮಲಗುವಾಗ ಬಿಚ್ಚೋದು. ಅದು ನನ್ನ ಕೆಲಸ. ನಾನೇ ದೊಡ್ಡೋಳಲ್ವಾ?"

"ಅಯ್ಯೋ, ಪಾಪ."

"ಪಾಪ ಏನು ಬಂತು? ಅವಳ ಒಳ್ಳೇದಕ್ಕೆ ತಾನೇ? ನೀನೀಗ ನನ್ನ ಒಳ್ಳೇದಕ್ಕೆ ಕಟ್ತಿಲ್ವಾ?"

ಗೌತಮಿ ಬಟ್ಟೆಯನ್ನು ಇನ್ನೊಂದು ಸುತ್ತು ಸುತ್ತಿದಳು. ಗಂಟನ್ನು ಹಿಂದಕ್ಕೆ ಸರಿಸುತ್ತ, "ಆಮೇಲೆ ಬಲಗೈ ಕಲಿತರಾ ಅವರು?" ಎಂದು ಕೇಳಿದಳು.

"ಎಲ್ಲಿ ಕಲೀತಾಳೆ? ವಿಷಮಶೀತ ಜ್ವರ ಬಂತಲ್ಲ. ಮನೇಲಿ ಎಲ್ರಿಗೂ ಗಾಬರಿ, ಓಡಾಟ. ಬಿಚ್ಚು ಅಂತ ನಂಗ್ಯಾರೂ ಹೇಳ್ಲಿಲ್ಲ. ಕಟ್ಟಿದ ಕೈಲೇ ಹೋದಳು." ಚೂಡಾಮಣಿ ಗಂಟನ್ನು ನೋಡಿ, "ಬಿಗಿ ಸಾಕು ಕಣಮ್ಮ, ರಕ್ತ ನಿಲ್ಲುತ್ತೆ," ಎಂದರು.

ಅಡುಗೆಮನೆಯಲ್ಲಿ ರಾಮಸ್ವಾಮಿ ಕಾಫಿ ಫಿಲ್ಟರನ್ನು ಚಮಚದಿಂದ ತಟ್ಟುತ್ತಿದ್ದರು. ಅವರಿಗೆ ಈ ಕಥೆ ಗೊತ್ತೋ ಇಲ್ಲವೋ, ಕೇಳುವುದು ಹೇಗೆ ಎಂದು ಗೌತಮಿಗೆ ತಿಳಿಯಲಿಲ್ಲ. ಅವಳು ಬೆವರೊರೆಸಿಕೊಂಡು ಮರದ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿದಳು.

ಎಡಗೈ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಎತ್ತಿ ಎಂದರೆ ಇಲ್ಲ, ತಳ್ಳಿ ಎಂದರೆ ಇಲ್ಲ, ಬೆರಳು ಬಿಚ್ಚಿ ಎಂದರೆ ಇಲ್ಲ. ಆಸ್ಪತ್ರೆಯಲ್ಲಿ ಆಡಿದ್ದ ಬೆರಳೂ ಈಗ ಸುಮ್ಮನಾಗಿತ್ತು. ದಿನಾ ಬಾಗಿಲವರೆಗೆ ಬಂದು ಬೀಳ್ಕೊಡುವ ರಾಮಸ್ವಾಮಿ, "ಏನಾದರೂ ಆಸೆ ಇದೆಯೇನಮ್ಮ?" ಎಂದು ಮೆಲ್ಲಗೆ ಕೇಳುತ್ತಿದ್ದರು. ನಿವೃತ್ತರಾದ ಇಷ್ಟು ವರ್ಷದಲ್ಲಿ ಕಾಫಿ ಬಿಟ್ಟು ಬೇರೇನೂ ಮಾಡಲು ಬಾರದಿದ್ದ ಆ ಮನುಷ್ಯ ಈಗ ಹೆಂಡತಿಗೆ ತಲೆ ಬಾಚಲು ಕಲಿತಿದ್ದರು, ಬೈತಲೆ ಮಾತ್ರ ದಿನಾ ಸೊಟ್ಟಗಿರುತ್ತಿತ್ತು. "ಇದೆ ಸರ್, ಖಂಡಿತ ಇದೆ," ಎಂದು ಗೌತಮಿ ಹೇಳಿಬಿಡುತ್ತಿದ್ದಳು. ಹೇಳಿದ ಮೇಲೆ ಆ ಮಾತು ಗಂಟಲಲ್ಲಿ ಬಿಸಿತುಪ್ಪದ ಹಾಗೆ ಉಳಿಯುತ್ತಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಒಂದು ಮಧ್ಯಾಹ್ನ ಚೂಡಾಮಣಿ ಕೂತಲ್ಲೇ ತೂಕಡಿಸಿದರು. ರಾಮಸ್ವಾಮಿ ಮೂಲೆ ಅಂಗಡಿಗೆ ಹೋಗಿದ್ದರು. ಹೊರಗೆ ರಸ್ತೆಯಲ್ಲಿ ಹಳೇ ಪೇಪರ್, ಹಳೇ ಕಬ್ಬಿಣ ಎಂದು ಮೈಕಿನಲ್ಲಿ ಕೂಗುತ್ತ ಒಂದು ಗಾಡಿ ಹೋಗುತ್ತಿತ್ತು. ಗೌತಮಿ ಆ ತಣ್ಣನೆಯ ಎಡಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ನೀವುತ್ತಿದ್ದಳು. ಅವಳಿಗೆ ಅಳು ಬರುವಂತಿತ್ತು. "ಪದ್ದೂ, ನೀನಾದ್ರೂ ನನ್ನ ಮಾತು ಕೇಳೇ ತಾಯಿ," ಎಂದಳು, ಬೇಜಾರಿಗೆ, ತಮಾಷೆಗೆ. "ಒಂದೇ ಒಂದು ಬೆರಳು ಎತ್ತು."

ತೋರುಬೆರಳು ಎದ್ದಿತು.

ತಾನಾಗಿ ಬರುವ ಸೆಳೆತ ಯಾವುದು, ಬೇಕೆಂದೇ ಎತ್ತಿದ್ದು ಯಾವುದು ಎಂದು ಗೌತಮಿಗೆ ಚೆನ್ನಾಗಿ ಗೊತ್ತು. ಸೆಳೆತ ಚಟಕ್ಕನೆ ಬಂದು ಹೋಗುತ್ತದೆ. ಇದು ನಿಧಾನವಾಗಿ ಎದ್ದು, ತರಗತಿಯಲ್ಲಿ ಉತ್ತರ ಗೊತ್ತಿರುವ ಮಗು ಎತ್ತುವ ಹಾಗೆ ಎದ್ದು, ಅಲ್ಲಿಯೇ ನಿಂತಿತ್ತು. "ಇಳಿಸು," ಎಂದಳು. ಇಳಿಯಿತು. "ಎಲ್ಲ ಬೆರಳೂ ಬಿಚ್ಚು." ಮುದುರಿದ್ದ ಐದು ಬೆರಳೂ ಅವಳ ಅಂಗೈ ಮೇಲೆ ಬಿಚ್ಚಿಕೊಂಡವು. ಚೂಡಾಮಣಿಯ ತಲೆ ಎದೆಯ ಮೇಲೆ ವಾಲಿತ್ತು, ಸಣ್ಣಗೆ ಗೊರಕೆ ಬರುತ್ತಿತ್ತು.

ನಿಜ ಹೇಳಬೇಕೆಂದರೆ ಅವಳಿಗೆ ಮೊದಲು ಆದದ್ದು ಸಂತೋಷ. ಕೈ ಆಡಿತು, ಥೀಸಿಸ್ ಮುಗಿಯಿತು ಎನ್ನುವ ಸಂತೋಷ. ಭಯ ಬಂದದ್ದು ಸಿಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ.

ಅವತ್ತು ಸಂಜೆ ಅವ್ವ ಪುಟ್ಟಲಿಂಗಮ್ಮ ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಗೌತಮಿ ಅದನ್ನು ಒಂದು ಸ್ವಾರಸ್ಯದ ಸಂಗತಿ ಎನ್ನುವ ಹಾಗೆ ಹೇಳಿದಳು. ಪುಟ್ಟಲಿಂಗಮ್ಮನ ಕೈ ನಿಂತಿತು.

"ಸತ್ತೋರ ಎಸ್ರಿಡ್ಕಂಡು ಕೂಗ್ಬ್ಯಾಡ ಕಣವ್ವ. ಅದೂ ಮಟಮಟ ಮದ್ಯಾನ್ದಲ್ಲಿ. ಓಗೊಟ್ಬುಟ್ರೆ ಏನ್ ಮಾಡೀಯೆ?"

"ಗೋಡೆ ಮೇಲೆ ಬುದ್ಧನ ಫೋಟೋ ಹಾಕ್ಕೊಂಡು ದೆವ್ವದ ಮಾತಾಡ್ತೀಯಲ್ಲವ್ವ!"

"ಬುದ್ಧ ದೇವ್ರಿಲ್ಲ ಅಂದವ್ನೆ. ಸತ್ತೋರಿಲ್ಲ ಅಂತ ಎಲ್ಲಿ ಅಂದವ್ನೆ?"

ಬೆಟ್ಟಯ್ಯ ಗಹಗಹಿಸಿ ನಕ್ಕ. "ಸುಮ್ಕಿರಮ್ಮಿ, ಅದೆಲ್ಲ ಮಿದ್ಳಿಂದು. ಡಾಕ್ಟ್ರಿಗೇ ಯೋಳ್ಕೊಡಕ್ ಬತ್ತೀಯಲ್ಲ ನೀನು," ಎಂದ. ಗೌತಮಿಯೂ ನಕ್ಕಳು. ಮಿದುಳಿನಲ್ಲಿ ಹಳೆಯ ನೆನಪಿನ ದಾರಿ ಬೇರೆ, ಆಜ್ಞೆ ಪಾಲಿಸುವ ದಾರಿ ಬೇರೆ, ಒಂದು ಹೆಸರು ಇನ್ನೊಂದು ದಾರಿಯನ್ನು ತೆರೆದಿರಬಹುದು ಎಂದು ಅವರಿಗೆ ಬಿಡಿಸಿ ಹೇಳಿದಳು. ವಿವರಣೆ ಚೆನ್ನಾಗಿಯೇ ಇತ್ತು. ಹೇಳುತ್ತಾ ಹೇಳುತ್ತಾ ಅವಳಿಗೇ ಧೈರ್ಯ ಬಂತು. ಪುಟ್ಟಲಿಂಗಮ್ಮ ಮಾತ್ರ ಮಗಳ ಮುಖ ನೋಡದೆ ಸೊಪ್ಪಿನ ದಂಟು ಮುರಿಯುತ್ತ ಕೂತಳು.

ಅಲ್ಲಿಂದ ಮುಂದೆ ಕೆಲಸ ಹೂ ಎತ್ತಿದಷ್ಟು ಸಲೀಸಾಯಿತು. ಬಲಗೈಗೆ ಬಟ್ಟೆ ಸುತ್ತಿ ಗಂಟು ಹಾಕುವುದು, ರಾಮಸ್ವಾಮಿ ಆಚೆ ಹೋಗುವ ತನಕ ಕಾಯುವುದು, ಆಮೇಲೆ ಬಾಗಿ ಮೆಲ್ಲಗೆ ಪದ್ದೂ ಎನ್ನುವುದು. ಕೈ ಮರದ ತುಂಡು ಎತ್ತಿತು, ಲೋಟ ಹಿಡಿಯಿತು, ಇಸ್ಪೀಟಿನ ಎಲೆ ಮಗುಚಿತು. ಎರಡನೆಯ ವಾರಕ್ಕೆ ಅದು ಹೇಳದ್ದನ್ನೂ ಮಾಡತೊಡಗಿತು. ಗೌತಮಿ ಅಂಕಗಳನ್ನು ಬರೆದುಕೊಳ್ಳುತ್ತಿದ್ದಾಗ ಸದ್ದಾಗಿ ತಲೆಯೆತ್ತಿದರೆ, ಎಡಗೈ ಒಂದು ತುಂಡನ್ನು ಮೇಲಕ್ಕೆ ಚಿಮ್ಮಿ, ಅದು ಗಾಳಿಯಲ್ಲಿರುವಾಗಲೇ ಮೇಜಿನ ಮೇಲಿನ ಇನ್ನೊಂದನ್ನು ಬಾಚಿಕೊಂಡು, ಬೀಳುವುದನ್ನು ಹಿಡಿಯಿತು. ಹೆಣ್ಣುಮಕ್ಕಳು ಆಡುವ ಕಲ್ಲಾಟ. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದ ಕೈ ಆಡುವ ಆಟವಲ್ಲ ಅದು, ಗೌತಮಿಯ ಕೈಗೂ ಬಾರದ ಆಟ.

"ಚಿಕ್ಕವರಿದ್ದಾಗ ಚೆನ್ನಾಗಿ ಆಡ್ತಿದ್ರಾ ಅಮ್ಮ?" ಎಂದು ಕೇಳಿದಳು.

"ನಂಗೆಲ್ಲಿ ಬರ್ತಿತ್ತು?" ಎಂದರು ಚೂಡಾಮಣಿ. ಅವರು ಆ ಕೈಯನ್ನು ನೋಡುತ್ತಲೂ ಇರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ಕಣ್ಣು ಭಾರವಾಗಿ ಕೂತಿದ್ದರು. "ನಂಗೆ ಯಾಕೋ ನಿದ್ದೆ ಬರುತ್ತೆ ಕಣಮ್ಮ. ನೀವಿಬ್ರು ಆಡ್ಕೊಳ್ಳಿ, ನಾನು ಸ್ವಲ್ಪ ಕಣ್ಮುಚ್ತೀನಿ."

ನೀವಿಬ್ರು. ಹಾಡಹಗಲು, ಫ್ಯಾನು ತಿರುಗುತ್ತಿದೆ, ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗುತ್ತಿದೆ, ಆದರೂ ಮೂರನೆಯವರೊಬ್ಬರು ಮೇಜಿನ ಮುಂದೆ ಕೂತು ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿ ಅವಳು ತಲೆಯೆತ್ತಲೇ ಇಲ್ಲ. ಕೈ ಅವಳ ದುಪಟ್ಟಾದ ತುದಿಯನ್ನು ಹಿಡಿದು ಎಳೆಯಿತು. ಇನ್ನೂ ಆಡೋಣ ಎನ್ನುವ ಹಾಗೆ.

ಚೂಡಾಮಣಿಯ ನಿದ್ದೆ ದಿನದಿನಕ್ಕೆ ಹೆಚ್ಚಿತು. ಬಟ್ಟೆ ಬಿಚ್ಚಿದ ಮೇಲೂ ಬಲಗೈ ಮಡಿಲಲ್ಲೇ ಇರುತ್ತಿತ್ತು. ಜೋಮು ಹಿಡಿದಿದೆ, ಇರಲಿ ಬಿಡು ಎನ್ನುತ್ತಿದ್ದರು. ಒಂದು ದಿನ ರಾಮಸ್ವಾಮಿ ಕಾಫಿ ಚಾಚಿದಾಗ ಲೋಟ ತೆಗೆದುಕೊಂಡದ್ದು ಎಡಗೈ. ಜೀವಮಾನದಲ್ಲಿ ಎಡಗೈಯಲ್ಲಿ ಒಂದು ಗುಟುಕು ನೀರನ್ನೂ ಕುಡಿಯದ ಹೆಂಗಸು ಆ ಕಾಫಿಯನ್ನು ಸೊರಸೊರನೆ ಕುಡಿದು, ಲೋಟದ ತಳದಲ್ಲಿ ಉಳಿದ ಸಕ್ಕರೆಯನ್ನು ಬೆರಳಲ್ಲಿ ಬಳಿದು ನೆಕ್ಕಿದರು. ರಾಮಸ್ವಾಮಿಗೆ ಹಿಗ್ಗು. "ನೋಡಿದ್ರಾ? ಎಡಗೈ! ನೋಡಿದ್ರಾ ಡಾಕ್ಟ್ರೇ?" ಎಂದು ಅವರು ಮಗಳಿಗೆ ಫೋನು ಮಾಡಲು ಒಳಗೆ ಓಡಿದರು.

ಗೌತಮಿ ನೋಡಿದ್ದಳು. ಬಲಗೈಯನ್ನೂ ನೋಡಿದ್ದಳು. ಸರ್‌ಗೆ ಹೇಳಿಬಿಡಬೇಕು ಎಂದು ಆ ದಿನ ಬಸ್ ಸ್ಟಾಪಿನಲ್ಲಿ ಫೋನ್ ಕೈಗೆತ್ತಿಕೊಂಡಳು. ಹೇಳಿದರೆ ಬರೀ ಬಲಗೈಯ ವಿಷಯ ಹೇಳಿ ಮುಗಿಯುವುದಿಲ್ಲ. ಮೊದಲ ದಿನದಿಂದ ಹೇಳಬೇಕು. ಚೂಡಾಮಣಿಯ ಕೈಯ ಕೊನೆಯ ಪರೀಕ್ಷೆಗೆ ಇನ್ನು ಒಂದೇ ವಾರ, ಸರ್ ತಾವೇ ಬಂದು ನೋಡುತ್ತಾರೆ, ಅದು ಮುಗಿದರೆ ಬಟ್ಟೆ ಕಟ್ಟುವುದೇ ಬೇಡ, ಆ ಹೆಸರು ಕರೆಯುವುದೂ ಬೇಡ, ಎಲ್ಲ ತಾನಾಗಿ ಸರಿಹೋಗುತ್ತದೆ. ಬಸ್ಸು ಬಂತು. ಅವಳು ಫೋನನ್ನು ಬ್ಯಾಗಿಗೆ ಹಾಕಿ ಹತ್ತಿದಳು.

ಪರೀಕ್ಷೆಯ ದಿನ ವಿಜಯ್‌ಕುಮಾರ್ ಸರ್ ಕಾರಿನಲ್ಲಿ ಬಂದರು. ರಾಮಸ್ವಾಮಿ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡಿದ್ದರು, ಚೂಡಾಮಣಿಯ ತಲೆಗೆ ಒಂದು ಮೊಳ ಮಲ್ಲಿಗೆಯನ್ನೂ ಮುಡಿಸಿದ್ದರು. ಗೌತಮಿ ಬಲಗೈ ಕಟ್ಟಿದಳು. ಸರ್ ಕುರ್ಚಿ ಎಳೆದುಕೊಂಡು ಕೂತು, ಆಸ್ಪತ್ರೆಯ ದೊಡ್ಡ ದನಿಯಲ್ಲಿ, "ಅಮ್ಮಾ, ಎಡಗೈಲಿ ಈ ತುಂಡು ಎತ್ತಿ ಡಬ್ಬಿಗೆ ಹಾಕಿ ನೋಡೋಣ," ಎಂದರು.

ಕೈ ಅಲ್ಲಾಡಲಿಲ್ಲ. ಚೂಡಾಮಣಿ, ಯಾರಿಗೋ ಹೇಳಿದ್ದು, ತಮಗಲ್ಲ ಎನ್ನುವ ಹಾಗೆ ಸೌಜನ್ಯದಿಂದ ಕೂತಿದ್ದರು. ಸರ್ ಮತ್ತೆ ಹೇಳಿದರು. ಮೂರನೆಯ ಸಲ ಹೇಳಿ ಗೌತಮಿಯ ಕಡೆ ತಿರುಗಿದರು. "ಏನಮ್ಮ ಇದು? ನೀನು ಬರ್ದಿರೋ ಸ್ಕೋರ್ ನೋಡಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಆ ನಿಲ್ಲಿಸಿದ ಮಾತು ಗೌತಮಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅಂಕಗಳನ್ನು ತಾನೇ ಸೃಷ್ಟಿಸಿದ್ದಾಳೆ ಎಂದುಕೊಂಡಿದ್ದಾರೆ. ಬಾಗಿಲ ಬಳಿ ರಾಮಸ್ವಾಮಿಯ ಮುಖ ಕಳೆಗುಂದುತ್ತಿತ್ತು.

"ಒಂದ್ನಿಮಿಷ ಸರ್. ದಿಂಬು ಸರಿ ಮಾಡ್ತೀನಿ."

ಮೊಣಕೈ ಕೆಳಗಿನ ದಿಂಬನ್ನು ಸರಿಪಡಿಸುವ ನೆಪದಲ್ಲಿ ಬಾಗಿದಳು. ಕಿವಿಯ ಹತ್ತಿರವಲ್ಲ, ಮಣಿಕಟ್ಟಿನ ಹತ್ತಿರ ಬಾಗಿ, ತುಟಿಯಲ್ಲೇ ಅಂದಳು. "ಪದ್ದೂ. ಬಾ."

ಆಮೇಲೆ ನಡೆದದ್ದನ್ನು ಸರ್ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. ಕೈ ತುಂಡುಗಳನ್ನೆಲ್ಲ ಎತ್ತಿ ಡಬ್ಬಿಗೆ ಹಾಕಿತು, ಗುಂಡಿ ಹಾಕಿತು, ಬೀಗದಲ್ಲಿ ಕೀಲಿ ತಿರುಗಿಸಿತು, ಕೊನೆಗೆ ಸರ್ ಜೇಬಿನಿಂದ ಪೆನ್ನನ್ನು ಕಿತ್ತುಕೊಂಡು ಮೇಜಿನ ಮೇಲೆ ಉರುಳಿಸಿತು. ಸರ್ ನಗಾಡಿಬಿಟ್ಟರು. "ವೆರಿ ಗುಡ್! ಅಮ್ಮ ಬಲು ತುಂಟಿ! ಇದು ಪೇಪರ್ ಮಾಡೋ ಕೇಸಮ್ಮ ಗೌತಮಿ." ಅಷ್ಟರಲ್ಲಿ ಅವರಿಗೆ ವಾರ್ಡಿನಿಂದ ಫೋನು ಬಂತು. "ಬಲಗಡೆದು ನೀನೇ ಚೆಕ್ ಮಾಡಿ ಮುಗಿಸ್ಕೊ," ಎನ್ನುತ್ತ ಚಪ್ಪಲಿ ಮೆಟ್ಟಿಕೊಂಡರು. ರಾಮಸ್ವಾಮಿ ಅವರನ್ನು ಕಾರಿನವರೆಗೆ ಬಿಟ್ಟು ಬಂದು, ಗೌತಮಿಗೆ ಎರಡೂ ಕೈ ಮುಗಿದು, ಕಾಫಿ ಮಾಡಲು ಹೋದರು.

ಗೌತಮಿ ಗಂಟು ಬಿಚ್ಚಿದಳು. ಬಟ್ಟೆ ಸಡಿಲಾಗಿ ಕೆಳಗೆ ಬಿತ್ತು. ಒಳಗಿನ ಕೈ ಕಟ್ಟಿದ ಮುಷ್ಟಿಯಾಗಿಯೇ ಮಡಿಲಲ್ಲಿ ಉಳಿಯಿತು.

"ಮುಗೀತು ಅಮ್ಮ. ಈಗ ಬಲಗೈಲಿ ಒಂದ್ಸಲ. ಈ ತುಂಡು ಎತ್ತಿ."

ಇಲ್ಲ.

"ಬೆರಳು ಬಿಚ್ಚಿ ಅಮ್ಮ."

ಇಲ್ಲ. ಅವಳೇ ಮಂಡಿಯೂರಿ ಆ ಬೆರಳುಗಳನ್ನು ಬಿಡಿಸಿದಳು. ಬಿಡಿಸಿದವು ಬಿಡಿಸಿದ ಹಾಗೇ ಬಿದ್ದುಕೊಂಡವು. ಮತ್ತೊಮ್ಮೆ ಸ್ಟ್ರೋಕ್ ಆಯಿತೇ? ಬಿಪಿ ನೋಡಿದಳು, ಸರಿಯಿತ್ತು. ನಾಡಿ ಸರಿಯಿತ್ತು. ಕೈ ಬೆಚ್ಚಗಿತ್ತು, ಮೊಣಕೈಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ತಟ್ಟಿದಷ್ಟೇ ಪುಟಿಯಿತು. ಕೈಗೆ ಏನೂ ಆಗಿರಲಿಲ್ಲ. ಅದು ಬರೀ ಖಾಲಿಯಾಗಿತ್ತು. "ಅಮ್ಮ, ಸ್ವಲ್ಪ ನಗಿ ನೋಡೋಣ," ಎಂದು ಮುಖ ನೋಡಿದಳು. ಸ್ಟ್ರೋಕ್ ಆದಾಗಿನಿಂದ ಒಂದು ಕಡೆಗೆ ಜೋತುಬಿದ್ದಿದ್ದ ತುಟಿ ಇವತ್ತು ಎರಡೂ ಕಡೆ ಸಮನಾಗಿ ಅರಳಿತು. ನಾಲಗೆಯ ತುದಿ ತುಟಿಯ ಅಂಚಿನಲ್ಲಿ ಇಣುಕಿತು. ಆ ಮುಖದ ಸುಕ್ಕುಗಳೆಲ್ಲ ಹಾಗೇ ಇದ್ದವು, ನಗು ಮಾತ್ರ ಗೌತಮಿ ಒಮ್ಮೆಯೂ ನೋಡಿರದಂಥದು.

"ಚೂಡಾಮಣಿಯವರೇ," ಎಂದಳು. ರೋಗಿಗಳನ್ನು ಅವಳು ಯಾವತ್ತೂ ಹೆಸರು ಹಿಡಿದು ಕರೆದವಳಲ್ಲ. "ಚೂಡಾಮಣಿಯವರೇ, ಕೇಳಿಸ್ತಿದೆಯಾ? ಒಂದು ಬೆರಳು. ಬಲಗೈದು, ಒಂದೇ ಒಂದು."

ಅಡುಗೆಮನೆಯಿಂದ ರಾಮಸ್ವಾಮಿ ಕೂಗಿದರು. "ಚೂಡಾ, ನಿಂಗೆ ಇವತ್ತು ಒಂದು ಚಮಚ ಸಕ್ಕರೆ ಜಾಸ್ತಿ ಹಾಕ್ತೀನಿ, ಆಯ್ತಾ?"

ಆ ಹೆಸರಿಗೆ ಯಾರೂ ತಿರುಗಲಿಲ್ಲ. ಎಡಗೈ ನಿಧಾನವಾಗಿ ಮೇಲೆದ್ದು, ತೋರುಬೆರಳನ್ನು ತುಟಿಯ ಮೇಲೆ ಇಟ್ಟಿತು.

"ಶ್," ಎಂದಿತು ಬಾಯಿ, ಗುಟ್ಟು ಹೇಳುವ ಹಾಗೆ, ನಗು ತಡೆದುಕೊಳ್ಳುವ ಹಾಗೆ. "ಅಕ್ಕ ಮಲಗಿದ್ದಾಳೆ."

ಗೌತಮಿ ಮಂಡಿಯೂರಿದಲ್ಲಿಂದಲೇ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡಳು. ಬ್ಯಾಗಿನೊಳಗೆ ಕೈಹಾಕಿ ತಡಕಾಡಿ ಫೋನು ತೆಗೆದಳು. ಡಿಗ್ರಿ, ವಿಡಿಯೋ, ಡಿಪೋದಲ್ಲಿ ಅಪ್ಪ ಹೇಳಿಕೊಂಡು ಬಂದ ಮಾತು ಎಲ್ಲ ಒಮ್ಮೆ ಕಣ್ಣ ಮುಂದೆ ಬಂತು. ಹೋದರೆ ಹೋಗಲಿ ಎಂದುಕೊಂಡು ಸರ್ ನಂಬರು ಒತ್ತಿದಳು. ಎರಡು ರಿಂಗಿಗೇ ಎತ್ತಿದರು. ಹಿಂದೆ ಟ್ರಾಫಿಕ್ಕಿನ ಸದ್ದು.

"ಸರ್, ಗಾಡಿ ತಿರುಗಿಸಿ. ವಾಪಸ್ ಬನ್ನಿ."

"ಏನಮ್ಮ? ಕೇಳಿಸ್ತಿಲ್ಲ."

"ನಾನೊಂದು ವಿಷಯ ಮೊದಲಿಂದ್ಲೂ ನಿಮಗೆ ಹೇಳಿಲ್ಲ ಸರ್. ನಾನು..."

ರಾಮಸ್ವಾಮಿ ತಟ್ಟೆಯಲ್ಲಿ ಮೂರು ಲೋಟ ಇಟ್ಟುಕೊಂಡು ಬಂದರು. ಬಂದವರು ಹೆಂಡತಿಯನ್ನು ನೋಡಿ ಹಾಗೇ ನಿಂತುಬಿಟ್ಟರು. ಅವರ ಕಣ್ಣು ತುಂಬಿಕೊಂಡಿತು. "ಅಯ್ಯಯ್ಯೋ, ನೋಡಿ, ಎಷ್ಟು ಚೆನ್ನಾಗಿ ಆಡ್ತಿದೆ ಕೈ," ಎಂದರು. "ನೋಡಿ ಡಾಕ್ಟ್ರೇ."

"ಯಾಕಮ್ಮ ಪಿಸುಗುಡ್ತಿದೀಯ?" ಎಂದರು ಫೋನಿನಲ್ಲಿ ಸರ್. "ಜೋರಾಗಿ ಹೇಳು."

ಗೌತಮಿ ಬಾಯಿ ತೆರೆದಳು. ಜೋರಾಗಿ ಹೇಳಬೇಕೆಂದೇ ತೆರೆದಳು. ದನಿ ಏಳಲಿಲ್ಲ. ಅವಳೆದುರಿಗೆ, ಹತ್ತಿ ಸೀರೆಯ ಮಡಿಲಲ್ಲಿ ಬಿಚ್ಚಿಬಿದ್ದಿದ್ದ ಬಲಗೈಯ ಮೇಲೆ ಎಡಗೈ ಬಂದು ಕೂತು, ಕೂಸನ್ನು ಮಲಗಿಸುವ ಹಾಗೆ, ಮೆಲ್ಲಗೆ, ಒಂದೇ ಸಮನೆ ತಟ್ಟುತ್ತಿತ್ತು.